ಎಷ್ಟು ಊರು ತಿರುಗಿದರೂ ಮನಸ್ಸು ಹಗುರಾಗುತ್ತಿಲ್ಲ, ಏನು ಮಾಡಲಿ?

ಎರಡು ವರ್ಷದಲ್ಲಿ ಏಳು ಟ್ರಿಪ್ ಹೋಗಿ ಬಂದರೂ ನೆಮ್ಮದಿ ಸಿಕ್ಕಿಲ್ಲ, ಲಡಾಖ್‌ಗೆ ಹೋದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ಹೋಗಿ ಬನ್ನಿ. ಆದರೆ ಮನಸ್ಸು ಅಲ್ಲಿ ಹಗುರಾಗುತ್ತೆ ಅಂತ ನಾನಂತೂ ಹೇಳಲಾರೆ.

ನಾನು ಗಂಗಾವತಿ ಕಡೆಯವನು. ಅಂಜನಾದ್ರಿ ಬೆಟ್ಟ ನಮಗೆ ಹತ್ತಿರ. ಒಂದು ಜನವರಿ ಸಂಜೆ 575 ಮೆಟ್ಟಿಲು ಹತ್ತಿ ಮೇಲೆ ಕೂತಿದ್ದೆ. ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ದೂರದಲ್ಲಿ ಹಂಪಿಯ ಗೋಪುರ. ಪುಣೆಯಿಂದ ಬಂದಿದ್ದ ಒಬ್ಬರು, "ಪುಣ್ಯ ಮಾಡಿದ್ದೀರಿ, ದಿನಾ ಇಲ್ಲಿಗೆ ಬರಬಹುದು" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಮರುದಿನ ನಾನೇ ನೆಮ್ಮದಿ ಹುಡುಕಿಕೊಂಡು ಮನಾಲಿಗೆ ಹೊರಟಿದ್ದೆ.

ಅಪ್ಪ ತೀರಿಕೊಂಡು ಆಗ ಐದು ತಿಂಗಳು. ಮನಾಲಿಯಲ್ಲಿ ಹಿಮ ನೋಡಿದೆ, ಫೋಟೋ ತೆಗೆದೆ. ರಾತ್ರಿ ರೂಮಿಗೆ ಬಂದು ಮಲಗಿದರೆ ಅದೇ ಎದೆಭಾರ.

ಊರಿಗೆ ಬಂದ ವಾರವೇ ಗದ್ದೆಗೆ ನೀರಿನ ಪಾಳಿ ಬಂತು. ನಮ್ಮದು ಮುನಿರಾಬಾದ್ ಡ್ಯಾಮಿನಿಂದ ಬರುವ ಎಡದಂಡೆ ಕಾಲುವೆ ನೀರು. ಪಾಳಿ ರಾತ್ರಿ ಬಿದ್ದರೆ ರಾತ್ರಿಯೇ ಹೋಗಬೇಕು. ಅಪ್ಪ ಇರುವವರೆಗೆ ಅದು ಅವರ ಕೆಲಸ. ಆಮೇಲೆ ಬೇರೆಯವರಿಗೆ ದುಡ್ಡು ಕೊಟ್ಟು ಕಳಿಸುತ್ತಿದ್ದೆ. ಆವತ್ತು ಯಾರೂ ಸಿಗಲಿಲ್ಲ. ಅಪ್ಪನ ಸಲಿಕೆ ತೆಗೆದುಕೊಂಡು ಹೋದೆ. ಅವರು ಹಿಡಿಯುತ್ತಿದ್ದ ಕಡೆ ಅದರ ಕಾವು ಸವೆದು ನುಣ್ಣಗಾಗಿತ್ತು. ನನ್ನ ಕೈಯೂ ಅಲ್ಲೇ ಹೋಗಿ ಕೂತಿತು. ಮಣ್ಣು ಸರಿಸಿ ನೀರು ಬಿಟ್ಟೆ. ಒಂದು ಮಡಿ ತುಂಬಿ ಇನ್ನೊಂದಕ್ಕೆ ಇಳಿಯುವವರೆಗೆ ಕಾಯುವುದು, ಬದು ಒಡೆದರೆ ಮಣ್ಣು ಹಾಕುವುದು, ಅಷ್ಟೇ ಕೆಲಸ. ಕತ್ತಲಲ್ಲಿ ನೀರು ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಬದುವಿನ ಮೇಲೆ ಕೂತು ಅಪ್ಪನನ್ನು ನೆನೆದು ಮನಸಾರೆ ಅತ್ತೆ. ಅವರು ಹೋದ ದಿನವೂ ನಾನು ಅತ್ತಿರಲಿಲ್ಲ. ನೆಂಟರ ಊಟ, ಕಾಗದಪತ್ರ ಅಂತ ಓಡಾಡಿದ್ದೇ ಆಗಿತ್ತು. ಬೆಳಗಿನ ಜಾವ ಮನೆಗೆ ಬಂದು ಅವ್ವ ಕೊಟ್ಟ ಚಹಾ ಕುಡಿದೆ. ಎಷ್ಟೋ ತಿಂಗಳ ಮೇಲೆ ಚಹಾದ ರುಚಿ ಗೊತ್ತಾಯಿತು.

ಆಮೇಲೂ ಊರು ನೋಡಲು ಹೋಗಿದ್ದೇನೆ, ಖುಷಿಯಾಗಿಯೇ ಹೋಗಿದ್ದೇನೆ. ಓಡಿಹೋಗುವ ಅವಸರ ಮಾತ್ರ ಇರಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಏಳು ಊರಿನ ಹೆಸರಿದೆ, ಮನೆಯ ಬಗ್ಗೆ ಒಂದು ಮಾತೂ ಇಲ್ಲ. ತಪ್ಪು ತಿಳಿಯಬೇಡಿ, ನನಗೆ ಅದೇ ಜಾಸ್ತಿ ಕಂಡಿತು. ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ರಾತ್ರಿ ಫೋನ್ ಬದಿಗಿಟ್ಟು ಸುಮ್ನೆ ಕೂತು ನೋಡಿ. ಯಾವುದು ನೆನಪಾದರೆ ಕೂಡಲೇ ಎದ್ದು ಹೋಗಬೇಕು ಅನಿಸುತ್ತೋ, ಆಗ ಏಳಬೇಡಿ. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.