ಜಪಾನಿನ ಹಿಮಕ್ಕೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ

(ಪ್ರವಾಸ: ನಿಮ್ಮ ಪ್ರಶ್ನೆ, ನಮ್ಮ ಉತ್ತರ. ಈ ಸಲ ಉತ್ತರಿಸುವವರು ಟೋಕಿಯೊದ ನಿಶಿಕಸಾಯಿಯಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿ, ಈಗ ಮೈಸೂರಿಗೆ ಮರಳಿರುವ ಗೃಹಿಣಿ.)

ಪ್ರಶ್ನೆ: ನಾನು, ಯಜಮಾನರು, 11 ಮತ್ತು 7 ವರ್ಷದ ಮಕ್ಕಳು, 68 ವರ್ಷದ ಅತ್ತೆ. ಯಾರೂ ಹಿಮ ಕಂಡವರಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವಾರ ಹೊಕ್ಕೈಡೊದ ನಿಸೆಕೊಗೆ ಹೋಗಿ ಸ್ಕೀಯಿಂಗ್ ಕಲಿಯಬೇಕು ಅಂತ ಯಜಮಾನರ ಆಸೆ. ಅತ್ತೆಯನ್ನು ನಾದಿನಿ ಮನೆಯಲ್ಲಿ ಬಿಟ್ಟು ಹೋಗೋಣ ಅನ್ನುತ್ತಾರೆ. ಸರಿಯೇ ಮೇಡಂ?
– ಓದುಗರು, ಬಸವನಗುಡಿ

ಉತ್ತರ: ಮೊದಲು ಅತ್ತೆಯವರ ಪಾಸ್‌ಪೋರ್ಟ್ ಮಾಡಿಸಿ. ಉಳಿದದ್ದು ಆಮೇಲೆ.

ನಿಸೆಕೊ ಚೆಂದದ ಜಾಗ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಗೆ ದುಡ್ಡು ಕೊಟ್ಟು ಜನ ಹೋಗುವುದು ಹಿಟ್ಟಿನಂಥ ಒಣ ಹಿಮಕ್ಕೆ. ನಿಂತಲ್ಲೇ ಬೀಳುವ ನಮಗೆ ಹಿಮ ಹಿಟ್ಟಾದರೇನು, ರವೆಯಾದರೇನು? ಟೋಕಿಯೊದಿಂದ ಮತ್ತೊಂದು ವಿಮಾನ, ಅದಾದ ಮೇಲೆ ಎರಡು ಮೂರು ಗಂಟೆ ಬಸ್ಸು. ಮಕ್ಕಳು ಸುಸ್ತಾಗಿ ಅಳುವುದು ಗ್ಯಾರಂಟಿ. ಒಂದು ವಾರವಂತೂ ಜಾಸ್ತಿಯೇ. ಮೊದಲ ದಿನ ಸ್ಕೀ ಮಾಡಿದವರಿಗೆ ಎರಡನೇ ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ!

ನಾನು ಹೇಳುವುದು ನೀಗಾಟ ಪ್ರಾಂತ್ಯದ ಯುಜಾವ. ಟೋಕಿಯೊ ಸ್ಟೇಷನ್ನಿನಲ್ಲಿ ಜೊಯೆತ್ಸು ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಗಾಲಾ ಯುಜಾವ ಸ್ಟೇಷನ್ ಬರುತ್ತದೆ. ಇಳಿದು ಟಿಕೆಟ್ ಗೇಟು ದಾಟಿದರೆ ಎದುರಿಗೇ ಸ್ಕೀ ಬಾಡಿಗೆಗೆ ಕೊಡುವ ಕೌಂಟರ್. ಬೆಟ್ಟದ ಮೇಲಕ್ಕೆ ಹೋಗುವ ಗೊಂಡೊಲಾ (ತಂತಿಯ ಮೇಲೆ ಓಡುವ ಕೇಬಲ್ ಕಾರು) ಕೂಡ ಅದೇ ಕಟ್ಟಡದಲ್ಲಿ. ರೈಲಿನಲ್ಲಿ 6ರಿಂದ 11 ವರ್ಷದವರಿಗೆ ಅರ್ಧ ಟಿಕೆಟ್, ಹಾಗಾಗಿ ನಿಮ್ಮ ಇಬ್ಬರೂ ಮಕ್ಕಳು ಬಚಾವ್. ನಮ್ಮಂಥ ವಿದೇಶಿ ಪ್ರವಾಸಿಗರಿಗೆ ಟೋಕಿಯೊ ವೈಡ್ ಪಾಸ್ ಅಂತ ಮೂರು ದಿನದ ರೈಲು ಪಾಸ್ ಇದೆ. ಗಾಲಾಕ್ಕೂ ಅದು ನಡೆಯುತ್ತದೆ.

ಆ ರೈಲಿನಲ್ಲಿ ಅತ್ತೆಯವರನ್ನು ಕಿಟಕಿ ಪಕ್ಕ ಕೂರಿಸಿ. ಟೋಕಿಯೊದಿಂದ ಬೆಟ್ಟದ ಬುಡದವರೆಗೂ ಒಣಗಿದ ಗದ್ದೆ, ಒಳ್ಳೆ ಬಿಸಿಲು. ಅಲ್ಲಿಂದ 22 ಕಿಲೋಮೀಟರ್ ಉದ್ದದ ಸುರಂಗ. ಆಚೆ ಬಂದರೆ ಚಾವಣಿ, ತಂತಿ, ಮರ ಎಲ್ಲಾ ಬೆಳ್ಳಗೆ. ಸೈಬೀರಿಯಾದ ತಣ್ಣನೆ ಗಾಳಿ ಜಪಾನ್ ಸಮುದ್ರದ ತೇವ ಹೊತ್ತು ಬಂದು, ಬೆಟ್ಟಕ್ಕೆ ಮುಟ್ಟಿ ಆ ಕಡೆಯೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ಮಳೆ ಹೊಯ್ಯುವಾಗ ಚಿತ್ರದುರ್ಗದಲ್ಲಿ ಬಿಸಿಲು ಕಾಯುತ್ತದಲ್ಲ, ಅದೇ ಲೆಕ್ಕ. ಮೊದಲ ಸಲ ಹೋದಾಗ ನಮ್ಮತ್ತೆ ಸುರಂಗದಿಂದ ಹೊರಬಂದದ್ದೇ ಕೈ ಮುಗಿದಿದ್ದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಸ್ಕೀ ಮಾಡದವರು ಬರೀ ಗೊಂಡೊಲಾ ಟಿಕೆಟ್ ತೆಗೆದುಕೊಂಡು ಮೇಲೆ ಹೋಗಬಹುದು. ಹಿಮಕ್ಕೆ ಹಾಕುವ ಬೂಟು ಬಾಡಿಗೆಗೆ ಸಿಗುತ್ತದೆ. ಏಳು ವರ್ಷದವನಿಗೆ ಸ್ಕೀ ಬೇಜಾರಾದರೆ ಸೋರಿ ಇದೆ. ಸೋರಿ ಅಂದರೆ ಕೂತು ಜಾರುವ ಪ್ಲಾಸ್ಟಿಕ್ ಹಲಗೆ. ನಿಜ ಹೇಳಬೇಕೆಂದರೆ ನನ್ನ ಮಗ ನೆನಪಿಟ್ಟುಕೊಂಡದ್ದು ಅದನ್ನೇ.

ಇನ್ನು ಯಾವಾಗ ಹೋಗುವುದು? ಕ್ರಿಸ್‌ಮಸ್ ಬೇಡ. ಡಿಸೆಂಬರ್ ಕೊನೆಗೆ ಕೆಲವು ವರ್ಷ ಹಿಮ ಇನ್ನೂ ತೆಳು. ಮೇಲೆ ಜಪಾನಿಯರ ಹೊಸ ವರ್ಷದ ರಜೆ ಬೇರೆ. ರೂಮಿನ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆಯ ವಾರ ಹೋಗಿ. ಆಗಲೂ ಬೆಟ್ಟದ ಮೇಲೆ ಹಿಮ ಧಾರಾಳ, ಚಳಿ ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಹಿಮ ಕಲಸಿದ ಅನ್ನದಂತಾಗುತ್ತದೆ, ಅದಕ್ಕೇ ಬೆಳಿಗ್ಗೆಯೇ ಆಟ ಮುಗಿಸಿ. ಯುಜಾವದಲ್ಲಿ ಎರಡು ದಿನ, ಉಳಿದದ್ದು ಟೋಕಿಯೊ. ಅದೃಷ್ಟವಿದ್ದರೆ ಅಲ್ಲಿ ಅದೇ ವಾರ ಚೆರ್ರಿ ಹೂವೂ ಸಿಕ್ಕೀತು.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದವರು. ಎಲೆಕ್ಟ್ರಿಕ್ ಕುಕ್ಕರ್ ಹೊತ್ತುಕೊಂಡು ಹೋಗುವುದೇ ಒಳ್ಳೆಯದಲ್ಲವೇ?
– ಓದುಗರು, ಧಾರವಾಡ

ಉತ್ತರ: ಕುಕ್ಕರ್ ಬಿಟ್ಟು ಹೋಗಿ. ಜಪಾನಿನ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಅಲ್ಲಿ ಐದರಲ್ಲೊಂದು ಪಾಲು ಮಾತ್ರ ಕಾಯುತ್ತದೆ. ನಮ್ಮ ಚಿಕ್ಕಮ್ಮ ಹಟ ಮಾಡಿ ತಂದಿದ್ದರು. ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಅಕ್ಕಿ ಆರಾಮಾಗಿ ಬಿಸಿನೀರಿನ ಸ್ನಾನ ಮಾಡುತ್ತಿತ್ತು. ಅಡುಗೆಮನೆ ಇರುವ ರೂಮು ಹಿಡಿಯಿರಿ, ರೈಸ್ ಕುಕ್ಕರ್ ಇದೆಯಾ ಅಂತ ಮೊದಲೇ ಕೇಳಿ.

ಹೊರಗಿನ ಊಟದಲ್ಲಿ ಮೋಸಹೋಗುವುದು ದಾಶಿಯಿಂದ. ಒಣಮೀನಿನಿಂದ ತೆಗೆದ ಸಾರು ಅದು. ಕಣ್ಣಿಗೆ ಮೀನು ಕಾಣುವುದಿಲ್ಲ. ಆದರೆ ಮಿಸೊ ಸೂಪಿನಲ್ಲಿ, ನೂಡಲ್ಸ್ ಸಾರಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸ್ಕೀ ಕ್ಯಾಂಟೀನಿನ ತರಕಾರಿ ಕರಿ ಅನ್ನವೂ ಬೇಡ, ಆ ಮಸಾಲೆ ಗಟ್ಟಿಯಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುವುದು ಮಾಮೂಲು. ಯುಜಾವ ಇರುವ ಉಒನುಮ ಸೀಮೆ ಕೊಶಿಹಿಕಾರಿ ಅಕ್ಕಿಗೆ ಹೆಸರುವಾಸಿ. ಅಂಗಡಿಯಲ್ಲಿ ಸಪ್ಪೆ ಮೊಸರು ಸಿಗುತ್ತದೆ, ಸಕ್ಕರೆ ಹಾಕಿಲ್ಲದ್ದು ನೋಡಿ ತನ್ನಿ. ಆ ಅನ್ನ ಸ್ವಲ್ಪ ಅಂಟು, ಮುದ್ದೆಯ ತಮ್ಮನ ಹಾಗೆ. ಆದರೆ ದಿನವಿಡೀ ಹಿಮದಲ್ಲಿ ಬಿದ್ದು ಎದ್ದು ಬಂದವರಿಗೆ ಬಿಸಿ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ ಇದ್ದರೆ ಇನ್ನೇನು ಬೇಕು? ಚಟ್ನಿಪುಡಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮವರು ವಿಡಿಯೋ ನೋಡಿ ಸ್ಕೀಯಿಂಗ್ ಕಲಿತಿದ್ದಾರಂತೆ. ಮಕ್ಕಳಿಗೂ ನನಗೂ ತಾವೇ ಹೇಳಿಕೊಡುತ್ತಾರಂತೆ. ಕ್ಲಾಸಿನ ಖರ್ಚು ಉಳಿಯುತ್ತದಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಖರ್ಚು ಉಳಿಯುತ್ತದೆ, ಮಾತು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಎರಡು ದಿನ ನಿಂತಿತ್ತು. "ಏನಿಲ್ಲ, ಸುಮ್ನೆ ಬಾ" ಅಂತ ನಮ್ಮವರು ನನ್ನನ್ನು ಲಿಫ್ಟ್ ಹತ್ತಿಸಿದರು. ಮೇಲಿಂದ ಇಳಿಜಾರು ನೋಡಿದ್ದೇ ಕಾಲು ನಡುಗಿತು. ಸ್ಕೀ ಕಳಚಿ ತಬ್ಬಿಕೊಂಡು, ಕೂತುಕೊಂಡೇ ಕೆಳಗೆ ಬಂದೆ. ಪಕ್ಕದಲ್ಲಿ ಐದು ವರ್ಷದ ಮಕ್ಕಳು ಸಾಲಾಗಿ ಇಳಿದುಹೋದವು.

ಮರುವರ್ಷ ಕ್ಲಾಸಿಗೆ ಸೇರಿದೆ. ಟೀಚರು ಮೊದಲು ಕಲಿಸಿದ್ದು ಜಾರುವುದನ್ನಲ್ಲ, ನಿಲ್ಲುವುದನ್ನು. ಜಪಾನಿನ ಕಟಕಾನ ಲಿಪಿಯ ಹ ಅಕ್ಷರ ಎರಡೇ ಗೆರೆ, ಮೇಲೆ ಹತ್ತಿರ, ಕೆಳಗೆ ಅಗಲ. ಸ್ಕೀಗಳ ಮೂತಿ ಹಾಗೆ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿದರೆ ಬ್ರೇಕ್. "ಹ, ಹ" ಅಂತ ಕೂಗುತ್ತಾ ಇಳಿದೆ. ಇಂಗ್ಲಿಷಿನಲ್ಲಿ ಹೇಳಿಕೊಡುವ ಕ್ಲಾಸು ಬೇಕಿದ್ದರೆ ಮುಂಚೆಯೇ ಬುಕ್ ಮಾಡಿ. ಹಸಿರು ಗುರುತಿನ ದಾರಿ ಕಲಿಯುವವರಿಗೆ. ಕಪ್ಪು ಗುರುತಿನ ಕಡೆ ನಿಮ್ಮವರನ್ನು ಬಿಡಬೇಡಿ.

ಪ್ರಶ್ನೆ: ಬಟ್ಟೆ, ಬೂಟು ಇಲ್ಲೇ ಕೊಳ್ಳಬೇಕಾ?
– ಓದುಗರು, ಮಂಗಳೂರು

ಉತ್ತರ: ಬೇಡ. ಜಾಕೆಟ್, ಪ್ಯಾಂಟು, ಬೂಟು ಎಲ್ಲಾ ಬಾಡಿಗೆಗಿದೆ. ಕೈಗವಸು, ಟೋಪಿ ಮಾತ್ರ ಎಷ್ಟೋ ಕಡೆ ಕೊಂಡುಕೊಳ್ಳಲೇಬೇಕು. ಉಣ್ಣೆ ಕಾಲುಚೀಲ ಒಯ್ಯಿರಿ. ಬೂಟಿನ ಅಳತೆ ಅಲ್ಲಿ ಸೆಂಟಿಮೀಟರಿನಲ್ಲಿ, ಹಾಗಾಗಿ ಹೊರಡುವ ಮುಂಚೆ ಎಲ್ಲರ ಪಾದ ಅಳೆದು ಬರೆದುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಸ್ಕೀಯಿಂಗ್ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು. ಶೀತದ ಮಾತ್ರೆ ಒಯ್ಯುವುದಾದರೆ ಚೀಟಿಯ ಮೇಲೆ ಸೂಡೋಎಫೆಡ್ರಿನ್ ಅಂತ ಇದೆಯಾ ನೋಡಿ. ಅದು ಶೇ. 10ಕ್ಕಿಂತ ಜಾಸ್ತಿ ಇದ್ದರೆ ಜಪಾನಿಗೆ ಒಯ್ಯುವಂತೆಯೇ ಇಲ್ಲ. ಮೂಗು ಸೋರಿದರೆ ಶುಂಠಿ ಕಷಾಯದ ಪುಡಿ ಇದ್ದೇ ಇದೆಯಲ್ಲ.