ಮೀಸೆ ಮಣ್ಣಾಗಿದ್ದನ್ನೇ ಹೇಳಿ

ಪ್ರಶ್ನೆ: ನಾನು 1983ರಲ್ಲಿ, ಹದಿನೇಳನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಮುಂಬೈಗೆ ಬಂದವನು. ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ, ರಾತ್ರಿ ಶಾಲೆ, ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತ. ಈಗ ಡೊಂಬಿವಲಿಯಲ್ಲಿ ನಿವೃತ್ತ. ಬರುವ ಶ್ರಾವಣದಲ್ಲಿ ನನ್ನ ಷಷ್ಟ್ಯಬ್ದಿ. ಊಟಕ್ಕೆ ಮೊದಲು ನಾನು ಐದು ನಿಮಿಷ ಮಾತಾಡಬೇಕಂತೆ. ‘ಪಪ್ಪಾ, ಹತ್ತು ವರ್ಷಕ್ಕೊಂದು ಪಾಠ, ಒಟ್ಟು ಆರು’ ಎಂದು ಮಗಳ ಅಪ್ಪಣೆ. ಅವಳ ಅತ್ತೆ ಮನೆಯವರೂ ಇರುತ್ತಾರೆ. ತಾಳ್ಮೆ, ಪ್ರಾಮಾಣಿಕತೆ, ಶಿಸ್ತು ಎಂದು ಬರೆದು ಹೆಂಡತಿಗೆ ಓದಿದೆ. ‘ತಾಳ್ಮೆ? ನೀವಾ?’ ಎಂದು ನಗಲು ಶುರು ಮಾಡಿದವಳು ಅಡುಗೆಮನೆಗೆ ಹೋದರೂ ನಿಲ್ಲಿಸಲಿಲ್ಲ. ಯೋಚಿಸಿದರೆ ನನಗೆ ನೆನಪಾಗುವುದು ಬರೀ ಪೆದ್ದುತನಗಳು. (ನಾಲ್ಕನ್ನು ಕೊನೆಗೆ ಬರೆದಿದ್ದೇನೆ, ಓದಿ ನಗಬೇಡಿ.) ಅರವತ್ತು ವರ್ಷ ಬದುಕಿ ಹೇಳಲು ಏನೂ ಇಲ್ಲವೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ. ಸುಳ್ಳು ಪಾಠ ಹೇಳಲೋ, ಮಾತೇ ಬೇಡ ಅನ್ನಲೋ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ನಕ್ಕೆ. ಕ್ಷಮಿಸಿ. ಅದೂ ಮುಲುಂಡಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಪಕ್ಕದವರು ತಿರುಗಿ ನೋಡುವಷ್ಟು.

ನೀವು ಕೊನೆಗೆ ಸಂಕೋಚದಿಂದ ಗೀಚಿದ್ದೇ ನಿಮ್ಮ ಭಾಷಣ. ಮೇಲೆ ನೀಟಾಗಿ ಬರೆದ ಆ ಮೂರು ಪದ ಯಾರ ಷಷ್ಟ್ಯಬ್ದಿಗಾದರೂ ಆಗುತ್ತದೆ. ಪಕ್ಕದ ಹಾಲ್‌ನಲ್ಲಿ ಅದೇ ದಿನ ಇನ್ಯಾರದೋ ಇದ್ದರೆ ಅವರೂ ಅದನ್ನೇ ಓದುತ್ತಿರುತ್ತಾರೆ.

ಮೊದಲನೆಯದನ್ನು ನೋಡಿ. ಊರು ಬಿಟ್ಟು ಬಂದು ನಾಲ್ಕು ದಿನವಾಗಿದೆ. ಮರಾಠಿ ಗೊತ್ತಿಲ್ಲ. ಟೇಬಲ್ಲಿನಲ್ಲಿದ್ದವರು ‘ಪಾಣಿ ನಕೋ’ ಅಂದರು. ನಿಮ್ಮ ಕಿವಿಗೆ ಅದು ‘ನಾಕು’. ಒಬ್ಬರೇ ಕೂತಿದ್ದಾರೆ, ನಾಕು ಯಾಕೆ ಎಂದು ಅನುಮಾನ ಬಂದರೂ ನಾಲ್ಕು ಲೋಟ ನೀರು ತಂದಿಟ್ಟಿರಿ. ಅವರು ರೇಗಿ ಇನ್ನೂ ಜೋರಾಗಿ ‘ನಕೋ, ನಕೋ’ ಅಂದರು. ನೀವು ಇನ್ನೂ ಎಂಟು ತಂದಿರಿ! ಹನ್ನೆರಡು ಲೋಟಗಳ ಹಿಂದೆ ಆ ಮನುಷ್ಯನ ಇಡ್ಲಿ ಕಾಣದಂತಾಯಿತು ಎಂದು ಬರೆದಿದ್ದೀರಲ್ಲ, ಅಲ್ಲಿ ನಾನು ಸೋತೆ. ಆಗಿನ್ನೂ ಕೊಂಕಣ ರೈಲು ಇರಲಿಲ್ಲ, ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ಬೇಜಾರಾಯಿತು, ನಾಳೆ ಬೆಳಿಗ್ಗೆ ಮನೆಯಲ್ಲಿರೋಣ ಅನ್ನುವ ಹಾಗಿರಲಿಲ್ಲ. ಆ ರಾತ್ರಿ ನೀವು ಹೋಟೆಲಿನ ಹಿಂಬದಿಯಲ್ಲಿ ಬಿಲ್ಲು ಪುಸ್ತಕದ ಹಾಳೆಯ ಹಿಂದೆ ‘ನಕೋ – ಬೇಡ, ಹವಂ – ಬೇಕು’ ಎಂದು ಬರೆದುಕೊಂಡಿರಿ. ಏನೂ ಕಲಿತಿಲ್ಲ ಅನ್ನುತ್ತೀರಿ!

ಎರಡನೆಯದು ದಾದರ್ ಪ್ರಕರಣ, 1994. ಮದುವೆಯಾಗಿ ಹದಿನೈದು ದಿನ. ‘ನನ್ನ ಹಿಂದೆಯೇ ಬಾ, ಇಲ್ಲಿ ರೈಲು ಕಾಯುವುದಿಲ್ಲ’ ಎಂದು ಹೆಂಡತಿಗೆ ವಾರವಿಡೀ ಪಾಠ ಹೇಳಿ, ಫಾಸ್ಟ್ ಲೋಕಲ್ ಬಂದಾಗ ನೀವೊಬ್ಬರೇ ಹತ್ತಿಬಿಟ್ಟಿರಿ. ಕುರ್ಲಾದಲ್ಲಿ ಇಳಿದು ಬೆವರುತ್ತಾ ವಾಪಸ್ ಬಂದರೆ ಅವರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ‘ನೀವು ಬರ್ತೀರಿ ಅಂತ ಗೊತ್ತಿತ್ತು’ ಅಂದರಂತೆ. ಇದನ್ನು ನೀವು ಹೇಳಬೇಡಿ, ಅವರ ಕೈಗೆ ಮೈಕ್ ಕೊಡಿ. ಅವರು ಇದನ್ನು ಮೂವತ್ತೆರಡು ವರ್ಷದಿಂದ ಹೇಳುತ್ತಿರಬಹುದು, ನಿಮಗಿಂತ ಚೆನ್ನಾಗಿ ಬರುತ್ತದೆ.

ಗಣಿತದ್ದನ್ನು ಮಾತ್ರ ನೀವೇ ಹೇಳಬೇಕು. ಮಗಳ ಭಿನ್ನರಾಶಿ ಲೆಕ್ಕದ ಉತ್ತರ ಪುಸ್ತಕಕ್ಕೆ ಹೊಂದಲಿಲ್ಲ. ಪುಸ್ತಕವೇ ತಪ್ಪು ಅಂದಿರಿ. ಅಲ್ಲಿಗೆ ಬಿಡದೆ ‘ನಾನು ಬ್ಯಾಂಕಿನವನು’ ಎಂದು ಟೀಚರಿಗೆ ಚೀಟಿ ಬೇರೆ ಬರೆದಿರಿ. ಚೀಟಿ ಮರುದಿನ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಮನೆಗೆ ಬಂತು. ಮಗಳು ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ ಎಂದಿದ್ದೀರಿ. ಯಾಕೆ ಇಟ್ಟುಕೊಂಡಿದ್ದಾಳೆ, ಒಮ್ಮೆ ಕೇಳಿ ನೋಡಿ. ಅಪ್ಪನನ್ನು ಆಡಿಕೊಳ್ಳಲು ಮಾತ್ರ ಅಲ್ಲ ಅನ್ನಿಸುತ್ತದೆ ನನಗೆ. ಆ ಸಂಜೆ ‘ತಪ್ಪಾಯ್ತು ಪುಟ್ಟಾ’ ಅಂದಿದ್ದಿರಿ ಎಂದು ಅರ್ಧ ಸಾಲಿನಲ್ಲಿ ಬರೆದು ಮುಂದೆ ಓಡಿಬಿಟ್ಟಿದ್ದೀರಿ. ಎಷ್ಟು ಅಪ್ಪಂದಿರು ಅನ್ನುತ್ತಾರೆ ಹೇಳಿ?

ನನಗೆ ತುಂಬಾ ತಾಗಿದ್ದು ಕೊನೆಯದು, ಹೋದ ವರ್ಷದ್ದು. ಮುಂಬೈಯವರಿಗೆ ಫೋರ್ತ್ ಸೀಟ್ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೂವರ ಬೆಂಚು, ನಾಲ್ಕನೆಯವನಿಗೆ ಒಂದು ಅಂಗೈ ಅಗಲ ಜಾಗ. ಅರ್ಧ ಮೈ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ, ಒಂದು ಕಾಲು ಬ್ರೇಕಿನಂತೆ ನೆಲಕ್ಕೆ ಒತ್ತಿಕೊಂಡು. ಆ ಅಂಗೈ ಅಗಲಕ್ಕಾಗಿ ಮೂವತ್ತು ವರ್ಷ ‘ಥೋಡಾ ಸರಕೋ’ ಅಂದವರು ನೀವು. ಒಂದು ದಿನ ದಾದರಿನಲ್ಲಿ ಹತ್ತಿದಾಗ ಹುಡುಗನೊಬ್ಬ ಕಿಟಕಿ ಪಕ್ಕದ ಇಡೀ ಸೀಟು ಬಿಟ್ಟು ಎದ್ದು ‘ಬಸಾ ಆಜೋಬಾ’ ಅಂದ. ಅಂಕಲ್ ಅಲ್ಲ, ಕಾಕಾ ಅಲ್ಲ, ಅಜ್ಜ! ಸಿಟ್ಟಿಗೆ ಡೊಂಬಿವಲಿವರೆಗೆ ನಿಂತೇ ಬಂದಿರಿ. ಮೂರು ದಿನ ಮಂಡಿಗೆ ಎಣ್ಣೆ.

ಹತ್ತು ವರ್ಷಕ್ಕೊಂದು ಪಾಠ ಅನ್ನುವ ಲೆಕ್ಕ ಕೈಕೊಡುವುದು ಇಲ್ಲೇ. ಇಪ್ಪತ್ತರಲ್ಲಿ ಈ ಊರು ನಮಗೆ ನುಗ್ಗು, ಜಾಗ ಹಿಡಿ ಅಂತ ಕಲಿಸಿತು. ಕಲಿಯದಿದ್ದರೆ ಉಳಿಯುತ್ತಿರಲಿಲ್ಲ. ನಾನೂ ಧಾರವಾಡದಿಂದ ಬಂದ ಹೊಸತರಲ್ಲಿ ಬೋರಿವಲಿಯಲ್ಲಿ ಇಳಿಯಬೇಕೆಂದು ವಿರಾರ್ ಫಾಸ್ಟ್ ಹತ್ತಿ, ಬಾಗಿಲಲ್ಲಿ ನಿಂತ ಹೆಂಗಸರು ಇಳಿಯಲು ಬಿಡದೆ, ಸೀದಾ ವಿರಾರ್ ನೋಡಿಕೊಂಡು ಬಂದವಳು. ಆಮೇಲೆ ಮೊಣಕೈ ಬಳಸಲು ಕಲಿತೆ. ಈಗ ಅದನ್ನು ಬಿಡುವುದು ಹೇಗೆ ಎಂದು ಕಲಿಯುತ್ತಿದ್ದೇನೆ, ಇದು ಜಾಸ್ತಿ ಕಷ್ಟ. ನಿಮ್ಮ ನಿದ್ದೆ ಕೆಡಿಸಿದ್ದು ಭಾಷಣ ಅಲ್ಲ, ಆ ‘ಆಜೋಬಾ’ ಇರಬೇಕು. ಅರವತ್ತಕ್ಕೆ ಅರಳು ಮರಳು ಎಂದು ಜನ ತಮಾಷೆ ಮಾಡುವ ಮೊದಲೇ ನಾವೇ ಹೆದರಿಕೊಂಡಿರುತ್ತೇವೆ. ಮುಂದಿನ ಸಲ ಆ ಹುಡುಗ ಸಿಕ್ಕರೆ ಕೂತುಬಿಡಿ, ಮಾರಾಯ್ರೇ.

ಇನ್ನೊಂದು ಮಾತು. ನಮ್ಮ ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ 60. ಒಂದು ಸುತ್ತು ಮುಗಿದು ಹುಟ್ಟಿದ ಸಂವತ್ಸರವೇ ಮತ್ತೆ ಬರುತ್ತದೆ, ಅದಕ್ಕೇ ಈ ಷಷ್ಟ್ಯಬ್ದಿ ಸಂಭ್ರಮ. 1966ರ ಶ್ರಾವಣದಲ್ಲಿ ಹುಟ್ಟಿದ ನಿಮ್ಮದು ಯಾವುದು ಗೊತ್ತೇ? ಪರಾಭವ. 2026ರಲ್ಲೂ ಅದೇ. ಪರಾಭವ ಅಂದರೆ ಸೋಲು! ಪಂಚಾಂಗವೇ ನಿಮ್ಮ ಪಕ್ಷದಲ್ಲಿರುವಾಗ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನೀವ್ಯಾಕೆ ವಾದಿಸುತ್ತೀರಿ? ಸಂವತ್ಸರದ ಹೆಸರಿನಿಂದಲೇ ಶುರು ಮಾಡಿ. ಪುರೋಹಿತರು ಸಂಕಲ್ಪದಲ್ಲಿ ಅದನ್ನು ಆಗಲೇ ಹೇಳಿರುತ್ತಾರೆ, ಜನರ ಕಿವಿಯಲ್ಲಿ ಇರುತ್ತದೆ.

ಆರು ಬೇಡ, ನಾಲ್ಕು ಸಾಕು. ಚೀಟಿ ನೋಡಿ ಓದಬೇಡಿ. ಪ್ರತಿ ಕಥೆಯ ಕೊನೆಗೆ ‘ಇದರಿಂದ ನಾನು ಕಲಿತದ್ದೇನೆಂದರೆ’ ಅನ್ನುವ ಚಟ ಬೇಡ. ಬೀಗರ ಮುಂದೆ ನಗೆಪಾಟಲಾಗುತ್ತೇನೆ ಎಂಬ ಹೆದರಿಕೆಯೂ ಬೇಡ, ಅವರಲ್ಲೂ ಒಬ್ಬರಾದರೂ ರೈಲು ತಪ್ಪಿಸಿಕೊಂಡವರು ಇದ್ದೇ ಇರುತ್ತಾರೆ. ಅಳಿಯನ ಪೆದ್ದುತನ ಗೊತ್ತಿದ್ದರೂ ಬಾಯಿ ಬಿಡಬೇಡಿ. ಆ ದಿನ ಬೀಳುವವರು ನೀವೊಬ್ಬರೇ ಆಗಿರಬೇಕು.

ಮಾತು ಮುಗಿದ ಮೇಲೆ ಗಂಟಲು ಒಣಗಿ, ಯಾರಾದರೂ ನೀರು ಬೇಕಾ ಎಂದು ಕೇಳಿದರೆ ‘ನಕೋ’ ಅನ್ನಿ. ಎಷ್ಟು ಲೋಟ ಬಂತು ಎಂದು ನನಗೊಂದು ಪತ್ರ ಹಾಕಿ.