ನಿಮ್ಮ ಮನೆ, ನಿಮ್ಮ ಪ್ರಶ್ನೆ: ಹಾಲ್‌ಗೆ ನಾನೇ ಬಣ್ಣ ಹೊಡೆಯಬಹುದಾ?

ಪ್ರಶ್ನೆ: ಅಕ್ಕಾ, ನಮ್ಮದು ಬಾಳೆಹೊನ್ನೂರು ಹತ್ತಿರ ಹೆಂಚಿನ ಮನೆ. ಮಾವನವರ ಕಾಲದ್ದು. ಹಾಲ್ 12 ಅಡಿಗೆ 14 ಅಡಿ ಇದೆ, ಗೋಡೆ 10 ಅಡಿ ಎತ್ತರ. ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆಗೆ ಹಸಿರು ಡಿಸ್ಟೆಂಪರ್. ಕೆಳಗಡೆ ಎರಡು ಅಡಿ ತನಕ ಬಣ್ಣ ಉದುರಿ ಹೋಗಿದೆ. ಹಗಲಲ್ಲೂ ಲೈಟ್ ಬೇಕು. ಟೈಲ್ಸ್ ಹಾಕಿಸಿ, ಪೇಂಟರ್ ಕರೆಸೋಣ ಅಂತಾರೆ ನಮ್ಮನೆಯವರು. ಅಷ್ಟು ದುಡ್ಡು ಈ ವರ್ಷ ಇಲ್ಲ. ನಾನೇ ಮಾಡೋಣ ಅಂತ ಆಸೆ. ಆದರೆ ಈ ತನಕ ಬ್ರಷ್ ಹಿಡಿದವಳಲ್ಲ. ಅತ್ತೆಯವರ ಹಲಸಿನ ಮರದ ದೊಡ್ಡ ಬೆಂಚು ಬೇರೆ ಇದೆ, ಅದನ್ನು ತೆಗೆಯೋದು ಅವರಿಗೆ ಇಷ್ಟ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಬಾಳೆಹೊನ್ನೂರು

ಉತ್ತರ: ತಂಗಿ, ಖಂಡಿತ ಮಾಡಬಹುದು. ಬ್ರಷ್ ಹಿಡಿಯುವುದು ಒಂದು ದಿನದಲ್ಲಿ ಕೈಗೆ ಬರುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಎರಡು ಅಡಿಯ ಮೇಲೆ. ಅದನ್ನು ಸರಿ ಮಾಡದೆ ಎಷ್ಟೇ ದುಬಾರಿ ಪೇಂಟ್ ತಂದರೂ ಮುಂದಿನ ಆರಿದ್ರಾ ಮಳೆಗೆ ಚಕ್ಕೆ ಏಳುತ್ತದೆ. ಮಲೆನಾಡಿನ ಮನೆಯಲ್ಲಿ ಮೊದಲು ನೀರು, ಆಮೇಲೆ ಬೆಳಕು, ಬಣ್ಣ ಕೊನೆಗೆ. ಚಿಕ್ಕಮಗಳೂರಿನ ನಮ್ಮ ಮನೆಗೂ ನಾನು ಇದೇ ಕ್ರಮದಲ್ಲಿ ಕೈ ಹಾಕಿದ್ದು.

ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆ ನೀರ ಹನಿ ಕೂತಿದ್ದರೆ ತೇವ ಗೋಡೆಯ ಒಳಗಿಂದಲೇ ಬರುತ್ತಿದೆ. ನಮ್ಮ ಕಡೆ ಮುಖದ ಮೇಲೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಗಾಳಿ ಆಡಿಸಿದರೆ ಕಡಿಮೆಯಾಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ನೆಲದಿಂದ ಏರುವ ತೇವ ಅನಿಸುತ್ತದೆ.

ಈಗ ಮನೆಯ ಹೊರಗೆ ಹೋಗಿ ಅದೇ ಗೋಡೆಯ ಬುಡ ನೋಡಿ. ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ, ಹೊರಗಿನ ನೆಲ ಒಳಗಿನ ನೆಲಕ್ಕೆ ಸಮ ಬಂದಿರುತ್ತದೆ. ಹೂವಿನ ಪಾತಿ ಇದ್ದರಂತೂ ಕೇಳುವುದೇ ಬೇಡ. ಆ ಮಣ್ಣನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗೆ ಬರುವಂತೆ ತೆಗೆಯಿರಿ. ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಕೊಡಿ. ಸೂರಿನ ನೀರು ಬಿದ್ದು ಗೋಡೆಗೆ ಎರಚುತ್ತಿದ್ದರೆ ಅಲ್ಲಿ ದಪ್ಪ ಜಲ್ಲಿ ಹರಡಿ. ಗುದ್ದಲಿ ಕೆಲಸ ಇದು, ಯಜಮಾನರ ಸಹಾಯ ಇಲ್ಲೇ ಜಾಸ್ತಿ ಬೇಕಾಗುವುದು.

ಆಮೇಲೆ ಗೋಡೆ ಒಣಗಬೇಕು. ಇದಕ್ಕೆ ಆತುರ ಬೇಡ. ಕಾಫಿ ಕೊಯ್ಲಿನ ಹೊತ್ತಿಗೆ ಮಣ್ಣು ತೆಗೆದಿಟ್ಟು, ಕೊಯ್ಲು ಮುಗಿದು ಹೂಮಳೆ ಬರುವ ಮೊದಲಿನ ಬಿಸಿಲಲ್ಲಿ ಬಣ್ಣ ಹೊಡೆಯಿರಿ. ಗೋಡೆ ಮೇಲೆ ಬಿಳಿ ಪುಡಿ ಬಂದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಅದು ನೀರಿನ ಜೊತೆ ಬಂದ ಉಪ್ಪು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಅಂಗಡಿಯಲ್ಲಿ ವಾಟರ್‌ಪ್ರೂಫ್ ಪೇಂಟ್, ವಾಟರ್‌ಪ್ರೂಫ್ ಪುಟ್ಟಿ ಅಂತ ತೋರಿಸುತ್ತಾರೆ. ಮಾವನವರ ಕಾಲದ ಗೋಡೆ ಸುಣ್ಣದ ಗಾರೆಯದಾಗಿದ್ದರೆ ಅದನ್ನು ಕೆಳಗಿನ ಆ ಭಾಗಕ್ಕೆ ದಯವಿಟ್ಟು ಬಳಸಬೇಡಿ. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಬಾಯಿ ಮುಚ್ಚಿದರೆ ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಎರಡು ಅಡಿಯದ್ದು ನಾಲ್ಕು ಅಡಿ ಆಗುತ್ತದೆ. ಅದರ ಬದಲು ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ ಮಾಡಿ. ಕೆಳಗಿನ ಎರಡೂವರೆ ಅಡಿಯನ್ನು ಗಾರೆ ಕಾಣುವ ತನಕ ಕೆರೆದು, ಸುಣ್ಣಕ್ಕೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ಸುತ್ತಲೂ ಒಂದು ಕೆಮ್ಮಣ್ಣಿನ ಬಣ್ಣದ ಪಟ್ಟೆ ಹೊಡೆಯಿರಿ. ಕೆಂಪು ನೆಲದಿಂದ ಬಣ್ಣ ಗೋಡೆಗೆ ಹತ್ತಿದ ಹಾಗೆ ಚಂದ ಕಾಣುತ್ತದೆ. ಕಲೆ ಬಿದ್ದರೂ ತಿಳಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಕೈ ಹೊಡೆದರೆ ಹೊಸದು. ಸುಣ್ಣ ಕಣ್ಣಿಗೆ ಬಹಳ ಕೆಟ್ಟದ್ದು. ಕನ್ನಡಕ ಮತ್ತು ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ.

ಬೆಳಕಿನ ವಿಷಯ. ಇಲ್ಲಿ ಹೆಂಚಿನ ಮನೆಯವರು ಅದೃಷ್ಟವಂತರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಘಟ್ಟ ಹತ್ತಿ ನಮ್ಮ ಮನೆಗಳಿಗೂ ಬಂತು. ಒಂದೊಂದು ಹೆಂಚೂ ಬಿಡಿ ಬಿಡಿಯಾಗಿ ತೆಗೆಯಲು ಬರುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ನಾಲ್ಕು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಇಡಿಸಿ. ಹಗಲು ಲೈಟ್ ಹಾಕುವುದೇ ಬೇಡ. ಅಂಗಡಿಗೆ ಹೋಗುವಾಗ ನಿಮ್ಮ ಮಾಡಿನ ಒಂದು ಹೆಂಚು ಜೊತೆಗೇ ಒಯ್ಯಿರಿ, ಅಚ್ಚು ಬೇರೆಯಾದರೆ ಕೂರುವುದಿಲ್ಲ, ಮಳೆಗೆ ಸೋರುತ್ತದೆ. ಮಾಡು ಹತ್ತುವ ಕೆಲಸವನ್ನು ಮಾತ್ರ ನೀವು ಮಾಡಬೇಡಿ. ವರ್ಷಾವರ್ಷ ಹೆಂಚು ಕೈಯಾಡಿಸಲು ಬರುವವರಿಗೇ ಹೇಳಿ. ರಾತ್ರಿಗೆ ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರುವುದನ್ನು ಆರಿಸಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಬಿಳಿ ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500 ಇರುತ್ತದೆ. ಆ ಬೆಳಕಲ್ಲಿ ಕೆಂಪು ನೆಲವೂ ಮರವೂ ಕಳೆಗುಂದಿ ಕಾಣುತ್ತವೆ.

ಈಗ ಬಣ್ಣ. ಒದ್ದೆ ಕೈಯಲ್ಲಿ ಗೋಡೆ ಒರೆಸಿ. ಹಸಿರು ಕೈಗೆ ಹತ್ತಿದರೆ ಅಷ್ಟೂ ಡಿಸ್ಟೆಂಪರ್ ಕೆರೆದು ತೆಗೆಯಬೇಕು. ಪುಡಿ ಪುಡಿಯಾದ ಡಿಸ್ಟೆಂಪರ್ ಮೇಲೆ ಎಮಲ್ಷನ್ (ಈಗ ಗೋಡೆಗೆ ಹೊಡೆಯುವ, ನೀರು ಬೆರೆಸುವ ಪ್ಲಾಸ್ಟಿಕ್ ಪೇಂಟ್) ನಿಲ್ಲುವುದಿಲ್ಲ, ಹಾಳೆ ಹಾಳೆಯಾಗಿ ಬಿಡುತ್ತದೆ. ಇಡೀ ಕೆಲಸದಲ್ಲಿ ಬೇಜಾರಿನ ಭಾಗ ಇದೇ. ದಿನಕ್ಕೆ ಒಂದು ಗೋಡೆ ಅಂತ ಇಟ್ಟುಕೊಳ್ಳಿ. ಮೂಗಿಗೆ ಮಾಸ್ಕ್ ಇರಲಿ. ಕುಳಿ ಬಿದ್ದ ಕಡೆ ಮಾತ್ರ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ತಿಕ್ಕಿ. ನಂತರ ಒಂದು ಕೋಟ್ ಪ್ರೈಮರ್ (ಬಣ್ಣ ಗೋಡೆಗೆ ಹಿಡಿಯಲು ಮೊದಲು ಬಳಿಯುವುದು), ಎರಡು ಕೋಟ್ ಎಮಲ್ಷನ್. ಅಂಚುಗಳಿಗೆ ಎರಡಿಂಚಿನ ಬ್ರಷ್, ಉಳಿದಿದ್ದಕ್ಕೆ ರೋಲರ್. ಒಂದು ಗೋಡೆ ಶುರು ಮಾಡಿದರೆ ಮುಗಿಸಿಯೇ ಕಾಫಿಗೆ ಏಳಿ. ಅರ್ಧಕ್ಕೆ ಬಿಟ್ಟರೆ ಒಣಗಿದ ಅಂಚು ಗೆರೆಯಾಗಿ ಉಳಿಯುತ್ತದೆ.

ಎಷ್ಟು ತರಬೇಕು ಅಂತ ಲೆಕ್ಕ ಹಾಕೋಣ. ನಿಮ್ಮ ಹಾಲ್ ಸುತ್ತಳತೆ 52 ಅಡಿ, 10 ಅಡಿ ಎತ್ತರಕ್ಕೆ 520 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 440. ಎರಡು ಕೋಟ್‌ಗೆ ಒಂದು ಲೀಟರ್ ಎಮಲ್ಷನ್ ಸುಮಾರು 60 ಚದರ ಅಡಿ ಬರುತ್ತದೆ. ನಾಲ್ಕು ಲೀಟರಿನ ಎರಡು ಡಬ್ಬಿ ಧಾರಾಳ ಸಾಕು. ಕೆಂಪು ಪಟ್ಟೆಯ ಭಾಗಕ್ಕೆ ಎಮಲ್ಷನ್ ಬೇಡವಾದ್ದರಿಂದ ಉಳಿಯಲೂಬಹುದು. ಎರಡೂ ಡಬ್ಬಿ ಒಂದೇ ದಿನ ಮಿಕ್ಸ್ ಮಾಡಿಸಿ ತನ್ನಿ.

ಯಾವ ಬಣ್ಣ? ಕೆಂಪು ನೆಲ, ಕಪ್ಪು ಮರದ ತೊಲೆ ಇರುವ ಕಡೆ ನಾನು ಕೆನೆ ಬಣ್ಣವನ್ನೇ ಹೇಳುತ್ತೇನೆ. ಆದರೆ ಅಂಗಡಿಯ ಬಣ್ಣದ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬಿ ತಂದು ಎರಡು ಗೋಡೆಯಲ್ಲಿ ಎರಡೆರಡು ಅಡಿ ಹೊಡೆದು, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬಿನಲ್ಲಿ ನೋಡಿ. ಅತ್ತೆಯವರನ್ನೂ ಕರೆದು ತೋರಿಸಿ.

ನೆಲದ ಬಗ್ಗೆ ನನ್ನ ಮಾತು ಕಡ್ಡಿ ಮುರಿದ ಹಾಗೆ: ಟೈಲ್ಸ್ ಬೇಡ. ಆ ನೆಲ ಮತ್ತೆ ಮಾಡಿಸುತ್ತೇನೆ ಅಂದರೆ ಕೈ ಪಳಗಿದ ಕೆಲಸಗಾರರು ಸಿಗುವುದು ಕಷ್ಟ. ಜೊತೆಗೆ, ನೆಲದ ತೇವಕ್ಕೆ ಟೈಲ್ಸ್ ಅಡ್ಡ ಬಂದರೆ ಅದು ಗೋಡೆ ಕಡೆ ತಿರುಗುತ್ತದೆ. ಆಸಿಡ್ ಹಾಕಿ ತೊಳೆಯಬೇಡಿ, ಸಿಮೆಂಟನ್ನೇ ತಿನ್ನುತ್ತದೆ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಗೆ ಸ್ವಲ್ಪವೇ ತೆಂಗಿನೆಣ್ಣೆ ಹಚ್ಚಿ ತಿಕ್ಕಿ, ಮಾರನೇ ದಿನ ಒಣ ಬಟ್ಟೆಯಲ್ಲಿ ಇನ್ನೊಮ್ಮೆ. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ವಯಸ್ಸಾದವರು ಮನೆಯಲ್ಲಿದ್ದಾರೆ ಅಲ್ವಾ.

ಅತ್ತೆಯವರ ಬೆಂಚು ಇರಲಿ. ಇಂಥ ಹಾಲ್‌ಗೆ ಅದಕ್ಕಿಂತ ಒಳ್ಳೆಯ ಸೋಫಾ ಇಲ್ಲ. ತೆಳುವಾದ ಹತ್ತಿಯ ಹಾಸಿಗೆ ಹೊಲಿಸಿ ಹಾಕಿ. ಗೋಡೆಗೆ ತಾಗಿಸದೆ ನಾಲ್ಕಿಂಚು ಮುಂದಿಡಿ, ಹಿಂದೆ ಗಾಳಿ ಆಡಿದರೆ ಬೂಸ್ಟು ಹಿಡಿಯುವುದಿಲ್ಲ. ಗಾಜಿನ ಹೆಂಚಿನ ಬೆಳಕು ಬೀಳುವ ಜಾಗದಲ್ಲಿ ಅದನ್ನಿಟ್ಟರೆ ಅವರಿಗೆ ಅಲ್ಲೇ ಕೂತು ಪೇಪರ್ ಓದಬಹುದು.

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆ. ಮೊಳೆ ಹೊಡೆಯಬೇಡಿ, ಬಣ್ಣ ಬದಲಿಸಬೇಡಿ ಅಂದಿದ್ದಾರೆ ಓನರ್. ಹಾಲ್ ಬೋಳು ಬೋಳು. ಏನಾದರೂ ಮಾಡಬಹುದಾ?
— ಶಿಕ್ಷಕಿ, ಹಾಸನ

ಉತ್ತರ: ಗೋಡೆಯನ್ನು ಬಿಟ್ಟು ನೆಲದಿಂದ ಶುರು ಮಾಡಿ. ಒಂದು ಒಳ್ಳೆಯ ಜಮಖಾನ ಕೊಳ್ಳಿ. ನಮ್ಮದೇ ನವಲಗುಂದದ ಜಮಖಾನಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಬಣ್ಣಗಳು ಎದ್ದು ಕಾಣುತ್ತವೆ. ಮನೆ ಬದಲಿಸಿದರೆ ಸುತ್ತಿ ಜೊತೆಗೇ ಒಯ್ಯಬಹುದು. ಕಿಟಕಿ ಚೌಕಟ್ಟಿನೊಳಗೆ ಸ್ಪ್ರಿಂಗ್ ರಾಡ್ ಬಿಗಿದರೆ ಮೊಳೆ ಇಲ್ಲದೆ ಪರದೆ ನಿಲ್ಲುತ್ತದೆ. ಮೂಲೆಗೊಂದು ನಿಲ್ಲಿಸುವ ದೀಪ ಇಡಿ. ಫೋಟೋಗಳನ್ನು ಪುಸ್ತಕದ ಕಪಾಟಿನ ಮೇಲೆ ಒರಗಿಸಿಡಿ. ಅಂಟಿಸುವ ಹುಕ್ ಡಿಸ್ಟೆಂಪರ್ ಗೋಡೆಗೆ ಬೇಡ, ಬಣ್ಣದ ಸಮೇತ ಕಿತ್ತು ಬರುತ್ತದೆ.

ಪ್ರಶ್ನೆ: ಹಾಲ್‌ನ ಹಳೇ ಮರದ ಕಿಟಕಿಗಳಿಗೆ ಹಲವು ಸಲ ಆಯಿಲ್ ಪೇಂಟ್ ಬಳಿದು ದಪ್ಪಗಾಗಿದೆ. ಎಲ್ಲ ಕೆರೆದು ಮರದ ಬಣ್ಣ ತರಬೇಕು ಅಂತಿದ್ದೇನೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ.
— ಮೂಡಿಗೆರೆ ಓದುಗರು

ಉತ್ತರ: ಮಗು ಇರುವಾಗ ಸ್ವಲ್ಪ ನಿಲ್ಲಿ. ಹಳೆಯ ಆಯಿಲ್ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ದಾಟಬಾರದು ಅಂತ ಕೇಂದ್ರ ಸರ್ಕಾರದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ನಿಮ್ಮ ಕಿಟಕಿಯ ಬಣ್ಣ ಅದಕ್ಕೂ ಹಿಂದಿನದು ಅಲ್ವಾ. ಅದನ್ನು ಒಣಗಿದ್ದಾಗಲೇ ತಿಕ್ಕಿದರೆ ಸೀಸದ ಧೂಳು ನೆಲದಲ್ಲಿ ಕೂತು ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಚಿಕ್ಕ ಮಕ್ಕಳ ಬುದ್ಧಿ ಬೆಳವಣಿಗೆಗೆ ಅದು ದೊಡ್ಡ ಹಾನಿ. ಬೆಂಕಿ ಅಥವಾ ಬಿಸಿ ಗಾಳಿಯಿಂದ ಸುಟ್ಟು ತೆಗೆಯುವುದು ಇನ್ನೂ ಅಪಾಯ.

ಪೇಂಟ್ ಗಟ್ಟಿಯಾಗಿ ಕೂತಿದ್ದರೆ ಸುಮ್ನೆ ಅದರ ಮೇಲೆಯೇ ಹೊಸ ಕೋಟ್ ಹೊಡೆಯಿರಿ. ಚಕ್ಕೆ ಎದ್ದಿದ್ದರೆ ಮಗುವನ್ನು ಕೆಲಸ ಮುಗಿಯುವ ತನಕ ಅಜ್ಜಿ ಮನೆಗೆ ಕಳಿಸಿ. ನೀರು ಚಿಮುಕಿಸುತ್ತಾ, ನೀರಿಗೆ ತಡೆಯುವ ಉಪ್ಪು ಕಾಗದದಲ್ಲಿ ಎದ್ದಿರುವಷ್ಟನ್ನೇ ತಿಕ್ಕಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಮಡಚಿ ಚೀಲಕ್ಕೆ ಕಟ್ಟಿ. ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲೇ ಎರಡು ಸಲ ನೆಲ ಒರೆಸಿ. ಕೆಲಸಕ್ಕೆ ಹಾಕಿದ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಒಗೆಯಬೇಡಿ.